ಅರಿವು ಕೇಂದ್ರದ ಮೊಬೈಲ್ ಕ್ಲಾಸು: ಮಳೆಗಾಲದ ಅಪ್‌ಡೇಟ್

ಮಲ್ಪೆಯಿಂದ ಸ್ವಲ್ಪ ಉತ್ತರಕ್ಕೆ ನಮ್ಮ ಪಂಚಾಯತ್. ಅದರ ಅರಿವು ಕೇಂದ್ರದಲ್ಲಿ, ಅಂದರೆ ಪಂಚಾಯತ್ ಲೈಬ್ರರಿಯಲ್ಲಿ, ಮೊಬೈಲನ್ನು ಜೋಪಾನವಾಗಿ ಬಳಸುವ ಬಗ್ಗೆ ಶನಿವಾರ ಮಧ್ಯಾಹ್ನ ನಡೆಸುವ ಕ್ಲಾಸು ಈ ಮಳೆಗಾಲದಲ್ಲಿ ಒಂದು ಹದಕ್ಕೆ ಬಂದಿದೆ. ಬರುವವರು ಎಂಟನೇ ಕ್ಲಾಸಿನಿಂದ ಪಿಯುಸಿವರೆಗಿನ ಮಕ್ಕಳು. ಸ್ಲೈಡ್ ಇಲ್ಲ, ಭಾಷಣ ಇಲ್ಲ. ಕೈಗೆ ಕೆಲಸ ಕೊಟ್ಟರೆ ಮಾತ್ರ ಇವರು ಕೂತು ಕೇಳುತ್ತಾರೆ.

ಎಲ್ಲಕ್ಕಿಂತ ಚೆನ್ನಾಗಿ ಓಡಿದ್ದು ಫೋಟೋ ಪತ್ತೇದಾರಿ. ನಾನೇ ತೆಗೆದ ಫೋಟೋ ಕೊಟ್ಟು ‘ಇದು ಎಲ್ಲಿ, ಎಷ್ಟು ಹೊತ್ತಿಗೆ?’ ಎಂದು ಕೇಳಿದೆ. ಊರಿನ ಹೆಸರು ಎಲ್ಲೂ ಇರಲಿಲ್ಲ. ಅಂಗಡಿ ಬೋರ್ಡಿನ ಫೋನ್ ನಂಬರಿನಲ್ಲಿ 0820 ಇತ್ತು, ಅಲ್ಲಿಗೆ ಉಡುಪಿ ಕಡೆಯದ್ದೆಂದು ಗೊತ್ತಾಯಿತು. ಮೂಲೆಯಲ್ಲಿ ಒಂದು ಬಸ್ಸಿನ ಹೆಸರು ಅರ್ಧ ಕಾಣುತ್ತಿತ್ತು. ಯಾವ ಬಸ್ಸು ಯಾವ ರೂಟು, ಎಷ್ಟು ಗಂಟೆಗೆ ಎಲ್ಲಿ ಎನ್ನುವುದು ನಮ್ಮ ಹುಡುಗರಿಗೆ ಬಾಯಿಪಾಠ ಅಲ್ವಾ? ಸ್ಟಾಪು, ಹೊತ್ತು ಎರಡನ್ನೂ ಹೇಳಿಬಿಟ್ಟರು. ಆಮೇಲೆ ‘ಈಗ ನಿಮ್ಮ ಪ್ರೊಫೈಲ್ ನೋಡಿ’ ಎಂದೆ. ಯೂನಿಫಾರ್ಮು, ಬ್ಯಾಡ್ಜು, ಟ್ಯೂಷನ್ ಮನೆಯ ಗೇಟು. ಯಾರೂ ಹೇಳದೆಯೇ ಒಂದಷ್ಟು ಫೋಟೋ ಅಲ್ಲೇ ಡಿಲೀಟ್ ಆದವು.

ಇನ್‌ಸ್ಟಾಗ್ರಾಮ್ ಕಥೆ ಬೇರೆ. 18ರ ಒಳಗಿನವರಿಗೆ ಈಗ ಟೀನ್ ಅಕೌಂಟ್ ಇದೆ. ಅಕೌಂಟ್ ತಾನಾಗಿಯೇ ಪ್ರೈವೇಟ್, ಪರಿಚಯ ಇಲ್ಲದವರು ಮೆಸೇಜ್ ಮಾಡಲಾಗದು. 16ರ ಒಳಗಿನವರು ಇದನ್ನು ಸಡಿಲ ಮಾಡಬೇಕಾದರೆ ಮನೆಯವರ ಒಪ್ಪಿಗೆ ಬೇಕು. ಆದರೆ ನಮ್ಮವರಲ್ಲಿ ಜಾಸ್ತಿ ಜನ ಸೇರುವಾಗಲೇ ಹುಟ್ಟಿದ ವರ್ಷ 2000 ಎಂದೇ ಹಾಕಿದ್ದಾರೆ! ಆ್ಯಪ್‌ನ ಲೆಕ್ಕದಲ್ಲಿ ಇವರೆಲ್ಲ ದೊಡ್ಡವರು. ಹಾಗಾಗಿ ಒಬ್ಬೊಬ್ಬರದ್ದೇ ಕೂತು ಸೆಟ್ಟಿಂಗ್ ಬದಲಿಸುತ್ತಿದ್ದೇವೆ. ನಿಧಾನದ ಕೆಲಸ, ಇನ್ನೂ ಮುಗಿದಿಲ್ಲ.

ಫೇಕ್ ಅಕೌಂಟಿನ ಮಾತು ಬಂದಾಗ ಒಬ್ಬ ಹುಡುಗ ‘ಅದು ಯಕ್ಷಗಾನದ ಸ್ತ್ರೀವೇಷದ ಹಾಗೆ’ ಎಂದ. ಪಕ್ಕದ ಹುಡುಗಿ ಬಿಡಲಿಲ್ಲ: ‘ಅಲ್ಲಿ ವೇಷ ಅಂತ ನೋಡುವವರಿಗೆ ಗೊತ್ತಿರ್ತದೆ.’ ನನ್ನ ಅರ್ಧ ಗಂಟೆಯ ಪಾಠ ಉಳಿಯಿತು.

ಮದುವೆ ಕಾಗದದ ಹೆಸರಿನಲ್ಲಿ ವಾಟ್ಸಾಪ್‌ಗೆ ಬರುವ ಎಪಿಕೆ ಫೈಲಿನ ಬಗ್ಗೆ ಮಕ್ಕಳಿಗಿಂತ ದೊಡ್ಡವರಿಗೇ ಹೇಳಬೇಕು. ಕಾಗದ ಫೋಟೋ ಆಗಿ ಬರಬಹುದು, ಪಿಡಿಎಫ್ ಆಗಿ ಬರಬಹುದು. ಎಪಿಕೆ ಎಂದರೆ ಆ್ಯಪ್. ಇನ್‌ಸ್ಟಾಲ್ ಮಾಡಿ ಎಸ್‌ಎಂಎಸ್ ಓದುವ ಅನುಮತಿ ಕೊಟ್ಟರೆ ಬ್ಯಾಂಕಿನ ಒಟಿಪಿ ವಂಚಕರ ಕೈಗೆ. ಪಿಯುಸಿಯವರಿಗೆ ಇನ್ನೊಂದು ಮಾತು ಸೇರಿಸಿದೆ: ಕಮಿಷನ್ ಆಸೆಗೆ ಬ್ಯಾಂಕ್ ಅಕೌಂಟನ್ನು ಯಾರಿಗೂ ಕೊಡಬೇಡಿ. ಕದ್ದ ದುಡ್ಡು ಅದರಲ್ಲಿ ಹಾದುಹೋದರೆ ಪೊಲೀಸರು ಹುಡುಕಿಕೊಂಡು ಬರುವುದು ನಿಮ್ಮನ್ನೇ.

ಇನ್ನು ಕಷ್ಟದ ಭಾಗ. ಫೋಟೋ ಇಟ್ಟುಕೊಂಡು ಹೆದರಿಸಿದರೆ ಏನು ಮಾಡಬೇಕೆಂದು ನಾವು ಹೇಳಿಕೊಡುತ್ತೇವೆ. ದುಡ್ಡು ಕೊಡಬೇಡಿ, ಚಾಟ್ ಅಳಿಸಬೇಡಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಮಕ್ಕಳಿಗಾಗಿ ಸಹಾಯವಾಣಿ 1098 ಇದೆ. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930. ಬೇಗ ಹೇಳಿದಷ್ಟೂ ದುಡ್ಡನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಜಾಸ್ತಿ. ಟೇಕ್ ಇಟ್ ಡೌನ್ ಎಂಬ ಸೇವೆಯೂ ಇದೆ. 18ರ ಒಳಗೆ ತೆಗೆದ ಖಾಸಗಿ ಫೋಟೋಗೆ ಅದು ನಮ್ಮ ಫೋನಿನಲ್ಲೇ ಒಂದು ಡಿಜಿಟಲ್ ಗುರುತು ಮಾಡುತ್ತದೆ. ಫೋಟೋ ಎಲ್ಲಿಗೂ ಹೋಗುವುದಿಲ್ಲ, ಗುರುತು ಮಾತ್ರ ಹೋಗುತ್ತದೆ. ಈ ಸೇವೆಯ ಜೊತೆ ಕೈಜೋಡಿಸಿರುವ ಕಂಪನಿಗಳು ಆ ಗುರುತು ನೋಡಿ ಫೋಟೋವನ್ನು ತಡೆಯಬಹುದು. ಇದಿಷ್ಟೂ ಮಕ್ಕಳಿಗೆ ಬೇಗ ಅರ್ಥವಾಯಿತು. ಆದರೆ ‘ಮನೆಯಲ್ಲಿ ಹೇಳ್ತೀರಾ?’ ಎಂದು ಕೇಳಿದರೆ ಎಲ್ಲರೂ ನೆಲ ನೋಡಿದರು. ಬೈಗುಳಕ್ಕೆ ಹೆದರಿ ಅಲ್ಲ, ಫೋನ್ ಹೋಗುತ್ತದೆ ಎಂದು. ಹೆದರಿಸುವವನಿಗೆ ಬೇಕಾದದ್ದೂ ಅಷ್ಟೇ, ಮಗು ಬಾಯಿ ಬಿಡಬಾರದು.

ಅದಕ್ಕೆ ಈ ಸಲ ಅಪ್ಪ ಅಮ್ಮಂದಿರನ್ನು ಕರೆದೆವು. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಯ ಯಾಂತ್ರಿಕ ಬೋಟುಗಳಿಗೆ ರಜೆ, ಅಪ್ಪಂದಿರು ಮನೆಯಲ್ಲೇ ಇರುತ್ತಾರೆ. ಗಲ್ಫಿನಲ್ಲಿರುವ ಇಬ್ಬರು ವಿಡಿಯೋ ಕಾಲ್‌ನಲ್ಲಿ ಸೇರಿಕೊಂಡರು. ಒಂದೇ ಸಾಲಿನ ಒಪ್ಪಂದ ಮುಂದಿಟ್ಟೆವು: ‘ನೀನಾಗಿಯೇ ಬಂದು ಹೇಳಿದ್ದಕ್ಕೆ ಫೋನ್ ಕಿತ್ತುಕೊಳ್ಳುವುದಿಲ್ಲ.’ ತುಳುವಿನಲ್ಲಿ ಜೋರು ಚರ್ಚೆ ಆಯಿತು. ‘ಕೊಡಿಸಿದ್ದು ನಾನು, ತೆಗೆದುಕೊಳ್ಳುವ ಹಕ್ಕು ನನಗಿಲ್ವಾ?’ ಎಂದರು ಒಬ್ಬರು. ಕೇಳಿದ್ದು ನ್ಯಾಯವೇ. ಕೊನೆಗೆ ಹೀಗೆ ಒಪ್ಪಿದರು: ರಾತ್ರಿ ಫೋನ್ ಚಾವಡಿಯಲ್ಲಿ ಚಾರ್ಜಿಗೆ ಇರಲಿ, ಪರೀಕ್ಷೆ ಹೊತ್ತಿಗೆ ಬೇರೆ ನಿಯಮ ಬೇಕಾದರೂ ಇರಲಿ, ಆದರೆ ತೊಂದರೆ ಹೇಳಿಕೊಂಡು ಬಂದವರಿಗೆ ಶಿಕ್ಷೆ ಇಲ್ಲ. ಎರಡೂ ಕಡೆಯವರು ಸಹಿ ಹಾಕಿದರು. ಮೂರು ಮನೆಯವರು ಹಾಕಲಿಲ್ಲ, ನಾವು ಒತ್ತಾಯ ಮಾಡಲಿಲ್ಲ. ಸಹಿ ಆದ ಮೇಲೆ ಒಬ್ಬಳು ಅಮ್ಮನನ್ನೇ ಕರೆದುಕೊಂಡು ಬಂದು ಹಳೆಯ ವಿಷಯವೊಂದನ್ನು ಹೇಳಿದಳು. ವಿವರ ಇಲ್ಲಿ ಬೇಡ. ದೂರು ದಾಖಲಾಗಿದೆ.

ಈಗ ಬೋಟುಗಳು ಮತ್ತೆ ಕಡಲಿಗೆ ಹೊರಟಿವೆ, ಅಪ್ಪಂದಿರು ಸಿಗುವುದಿಲ್ಲ. ಮುಂದಿನದು ಸ್ವಸಹಾಯ ಸಂಘದ ಅಮ್ಮಂದಿರ ಸರದಿ. ಎಪಿಕೆ ಪಾಠವನ್ನು ಮಕ್ಕಳೇ ಮಾಡುತ್ತಾರಂತೆ, ತುಳುವಿನಲ್ಲಿ ಮತ್ತು ಬ್ಯಾರಿಯಲ್ಲಿ. ಒಪ್ಪಂದದ ಪ್ರತಿಗಳು ಖಾಲಿಯಾಗಿವೆ, ಮತ್ತೆ ಪ್ರಿಂಟ್ ಹಾಕಿಸಬೇಕು.