ಥ್ರಾಟಲ್ ಸೆನ್ಸರಿನ ಸ್ಕ್ರೂ ಸಡಿಲಿಸುವ ಮುನ್ನ

ಕೇಬಲ್‌ನಿಂದ ಥ್ರಾಟಲ್ (ಎಂಜಿನ್ನಿಗೆ ಗಾಳಿ ಬಿಡುವ ತಟ್ಟೆ) ತೆರೆದುಕೊಳ್ಳುವ ಹಳೆಯ ಎಂಪಿಎಫ್‌ಐ (ಪ್ರತಿ ಸಿಲಿಂಡರಿಗೂ ಬೇರೆ ಇಂಜೆಕ್ಟರ್ ಇರುವ) ಪೆಟ್ರೋಲ್ ಕಾರುಗಳು ಇಂದಿಗೂ ನಮ್ಮ ಗ್ಯಾರೇಜಿಗೆ ಬರುತ್ತವೆ. ಪಿಕಪ್ ಇಲ್ಲ, ಮೈಲೇಜ್ ಬಿದ್ದಿದೆ ಎಂಬ ದೂರು ಕೇಳಿದೊಡನೆ ಆ ತಟ್ಟೆ ಎಷ್ಟು ತೆರೆದಿದೆ ಎಂದು ಅಳೆಯುವ ಥ್ರಾಟಲ್ ಪೊಸಿಷನ್ ಸೆನ್ಸರಿನ ಎರಡು ಸ್ಕ್ರೂ ಸಡಿಲಿಸಿ ತಿರುಗಿಸುವ ರೂಢಿ ನಮ್ಮ ಕಸುಬಿನಲ್ಲಿದೆ. ಆದರೆ ಆ ಹೊಂದಾಣಿಕೆ ಕೊನೆಗೆ ಮಾಡಬೇಕಾದ ಕೆಲಸ ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಸೆನ್ಸರಿಗೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರಾದ ಇಸಿಯುವಿನಿಂದ 5 ವೋಲ್ಟ್ ಬರುತ್ತದೆ. ಥ್ರಾಟಲ್ ಮುಚ್ಚಿದಾಗ ಸುಮಾರು 0.5, ಪೂರ್ತಿ ತೆರೆದಾಗ ಸುಮಾರು 4.5 ವೋಲ್ಟ್ ಇಸಿಯುಗೆ ಮರಳುತ್ತದೆ. ನಿಖರವಾದ ಅಂಕಿಯನ್ನು ಆಯಾ ಮಾದರಿಯ ಸರ್ವಿಸ್ ಕೈಪಿಡಿಯಲ್ಲೇ ನೋಡಬೇಕು. ಮುಚ್ಚಿದಾಗಿನ ವೋಲ್ಟೇಜ್ ಹೆಚ್ಚಾಗಿದ್ದರೆ, ಚಾಲಕ ಪೆಡಲ್‌ನಿಂದ ಕಾಲು ತೆಗೆದದ್ದು ಹಲವು ಕಾರುಗಳಲ್ಲಿ ಇಸಿಯುಗೆ ತಿಳಿಯದೆ, ಇಳಿಜಾರಿನಲ್ಲಿ ನಿಲ್ಲಬೇಕಾದ ಪೆಟ್ರೋಲ್ ಹರಿಯುತ್ತಲೇ ಇರುತ್ತದೆ, ಐಡ್ಲಿಂಗ್ ಕೂಡ ಕೆಡುತ್ತದೆ.

ಮೊದಲು ತಟ್ಟೆಯನ್ನು ಹಿಡಿದಿರುವ ಥ್ರಾಟಲ್ ಬಾಡಿಯಲ್ಲಿ ಕಟ್ಟಿದ ಕಾರ್ಬನ್ ತೆಗೆಯಬೇಕು, ಏಕೆಂದರೆ ಆ ಮಸಿ ಇದ್ದಾಗ ತಟ್ಟೆ ಪೂರ್ತಿ ಮುಚ್ಚದಿರಬಹುದು. ಬಳಿಕ ಇಗ್ನಿಷನ್ ಆನ್ ಮಾಡಿ, ಎಂಜಿನ್ ಚಾಲೂ ಮಾಡದೆ, ಕನೆಕ್ಟರ್ ಹಾಕಿರುವಂತೆಯೇ ಹಿಂಬದಿಯಿಂದ ಮೀಟರ್ ತಂತಿ ತಾಗಿಸಿ 5 ವೋಲ್ಟ್ ಬರುತ್ತಿದೆಯೇ, ಅರ್ಥಿಂಗ್ ಸರಿಯಾಗಿದೆಯೇ ಎಂದು ನೋಡುತ್ತೇನೆ. ಇಸಿಯುಗೆ ಮರಳುವ ವೋಲ್ಟೇಜನ್ನು ಅಳೆಯುವ ಮುಂದಿನ ಹೆಜ್ಜೆಗೆ ಮುಳ್ಳಿನ ಮೀಟರೇ ಲೇಸು. ಒಬ್ಬರು ಪೆಡಲನ್ನು ನಿಧಾನವಾಗಿ ಒತ್ತುತ್ತಿರುವಾಗ ಮುಳ್ಳು ಸರಾಗವಾಗಿ ಏರಬೇಕು. ನಡುವೆ ಎಲ್ಲಾದರೂ ಥಟ್ಟನೆ ಕುಸಿದು ಮೇಲೆದ್ದರೆ ಒಳಗಿನ ಪಟ್ಟಿ ಸವೆದಿದೆ ಎಂದರ್ಥ. ಅಂಥ ಸೆನ್ಸರನ್ನು ಎಷ್ಟು ತಿರುಗಿಸಿದರೂ ಫಲವಿಲ್ಲ, ಬದಲಿಸಬೇಕು. ಊರೊಳಗೆ ಓಡುವ ಕಾರುಗಳಲ್ಲಿ ಈ ಸವೆತ ಹೆಚ್ಚಾಗಿ ಪೆಡಲಿನ ಆರಂಭದ ಭಾಗದಲ್ಲೇ ಕಾಣುತ್ತದೆ. ಥ್ರಾಟಲ್ ಲಿವರನ್ನು ಕೈಯಿಂದ ಎಳೆದು ಅಳೆದರೆ ಸಾಲದು: ಕೇಬಲ್ ಸಡಿಲವಿದ್ದರೆ ಅಥವಾ ಪೆಡಲಿನ ಕೆಳಗೆ ಮ್ಯಾಟ್ ಮಡಚಿಕೊಂಡಿದ್ದರೆ ಕಾಲಿನಿಂದ ಒತ್ತಿದಾಗಷ್ಟೇ ಅದು ತಿಳಿಯುತ್ತದೆ.

ಇವೆಲ್ಲ ಸರಿಯಿದ್ದೂ ಮುಚ್ಚಿದ ಸ್ಥಿತಿಯ ಅಂಕಿ ತಪ್ಪಿದ್ದರೆ ಮಾತ್ರ, ಮತ್ತು ಸ್ಕ್ರೂ ತೂತುಗಳು ಉದ್ದವಾಗಿದ್ದರೆ ಮಾತ್ರ, ಸೆನ್ಸರನ್ನು ಕೂದಲೆಳೆಯಷ್ಟು ತಿರುಗಿಸಬೇಕು. ಸ್ಕ್ರೂ ಬಿಗಿಯುವಾಗ ಅದು ಮತ್ತೆ ಜರುಗುವುದರಿಂದ ಬಿಗಿದ ಮೇಲೆ ಇನ್ನೊಮ್ಮೆ ಅಳೆಯಬೇಕು. ಕಾರ್ಖಾನೆಯಲ್ಲಿ ಹೊಂದಿಸಿ ಬಣ್ಣದ ಗುರುತು ಹಾಕಿರುವ ಥ್ರಾಟಲ್ ಸ್ಟಾಪ್ ಸ್ಕ್ರೂವನ್ನು (ತಟ್ಟೆ ಎಲ್ಲಿಯವರೆಗೆ ಮುಚ್ಚಬೇಕೆಂದು ತಡೆಯುವ ಸ್ಕ್ರೂ) ಯಾವ ಕಾರಣಕ್ಕೂ ಮುಟ್ಟಬಾರದು. ಸರಿಯಾದ ಹೊಂದಾಣಿಕೆಯಿಂದ ಎಂಜಿನ್ ಕಳೆದುಕೊಂಡಿದ್ದ ಶಕ್ತಿ ಮರಳುತ್ತದೆಯೇ ಹೊರತು ಹೊಸ ಶಕ್ತಿ ಹುಟ್ಟುವುದಿಲ್ಲ. ಇದನ್ನು ಗಾಡಿಯ ಮಾಲೀಕರಿಗೆ ಮೊದಲೇ ಹೇಳುತ್ತೇನೆ. ಕೇಬಲ್ ಇಲ್ಲದ ಈಗಿನ ಎಲೆಕ್ಟ್ರಾನಿಕ್ ಥ್ರಾಟಲ್‌ಗಳಲ್ಲಿ ಎರಡು ಸೆನ್ಸರುಗಳ ಅಂಕಿಯನ್ನು ಇಸಿಯು ತಾಳೆ ನೋಡುತ್ತಿರುವುದರಿಂದ ಅಲ್ಲಿ ಕೈಯಿಂದ ತಿರುಗಿಸುವ ಮಾತೇ ಇಲ್ಲ.