ಮಾಡಿಸಿಬಿಟ್ಟಿರಾ?

ನಾನು ಕೂರುವ ಬ್ಯಾಂಕ್ ಕೌಂಟರಿನ ಗಾಜಿಗೆ ಒಂದು ಕಿಂಡಿ ಇದೆ. ಚಲನ್, ಚೆಕ್, ಪಾಸ್‌ಬುಕ್ ಇಷ್ಟು ಒಳಗೆ ಬರಲಿ ಎಂದು ಮಾಡಿದ ಕಿಂಡಿ. ಕೆಲವು ವರ್ಷಗಳಿಂದ ಅದರೊಳಗಿಂದ ನನ್ನ ಮಂಡಿಯ ವಿಚಾರಣೆಯೂ ಬರುತ್ತಿದೆ. "ಮೇಡಂ, ಮಂಡಿ ಆಪರೇಷನ್ ಮಾಡಿಸಿಬಿಟ್ಟಿರಂತೆ? ಮಾಡಿಸಲೇಬೇಕಿತ್ತೇ?"

ಪ್ರಶ್ನೆಗಿಂತ ಆ ‘ಬಿಟ್ಟಿರಿ’ ನನಗೆ ಚುಚ್ಚುತ್ತದೆ. ‘ಬಿಡು’ ಎಂಬ ಪುಟ್ಟ ಪದ ಇನ್ನೊಂದು ಕ್ರಿಯಾಪದದ ಬಾಲಕ್ಕೆ ಅಂಟಿತೆಂದರೆ, ಅದು ಒಳ್ಳೆಯ ಸುದ್ದಿಯಾಗಿರುವುದು ಕಡಿಮೆ. ಹಾಲು ಉಕ್ಕಿಬಿಟ್ಟಿತು. ತೋಟ ಮಾರಿಬಿಟ್ಟ. ಬಾಯಿ ತಪ್ಪಿ ಹೇಳಿಬಿಟ್ಟೆ. ಹಲ್ಲು ಕೀಳಿಸಿಕೊಂಡು ಬಂದವರನ್ನು ಯಾರೂ "ಕೀಳಿಸಿಬಿಟ್ಟಿರಾ" ಎಂದು ಕೇಳುವುದಿಲ್ಲ. ಕಣ್ಣಿನ ಪೊರೆ ತೆಗೆಸಿದವರನ್ನಂತೂ ಅಭಿನಂದಿಸುತ್ತಾರೆ. ಮಂಡಿಯ ವಿಷಯ ಬಂದಾಗ ಮಾತ್ರ ನಾನು ತಾಳಿಸರವನ್ನು ಅಡವಿಟ್ಟು ಬಂದವಳಂತೆ ನೋಡುತ್ತಾರೆ. ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ಬ್ಯಾಂಕಿನವರಿಗೆ ವಿಮೆ ಇರುತ್ತದಲ್ಲ, ಅದಕ್ಕೇ ಇರಬೇಕು" ಎಂದು ತಾವೇ ಉತ್ತರವನ್ನೂ ಹೇಳಿಕೊಳ್ಳುತ್ತಾರೆ. ವಿಮೆ ಇದೆ ಎಂದು ಯಾರಾದರೂ ಬೆನ್ನುಮೂಳೆಗೆ ಸೂಜಿ ಚುಚ್ಚಿಸಿಕೊಳ್ಳುತ್ತಾರೆಯೇ, ಸ್ವಾಮಿ?

ಅವಸರದಲ್ಲಿರುವವರಿಗೆ ಉತ್ತರ ಇಷ್ಟು: ಬಲಮಂಡಿಗೆ ಮಾಡಿಸಲೇಬೇಕಿತ್ತು, ಮಾಡಿಸಿದೆ. ಎಡಮಂಡಿಗೆ ಬೇಕಿರಲಿಲ್ಲ, ಮಾಡಿಸಲಿಲ್ಲ. ಅವರು ಇನ್ನು ಹೊರಡಬಹುದು. ಮುಂದಿನ ಟೋಕನ್ ಬರಲಿ.

ಉಳಿದವರಿಗೆ ಹೇಳುತ್ತೇನೆ. 2019ರ ಮೇ ತಿಂಗಳು, ಸಾಗರದ ಹತ್ತಿರ ನನ್ನ ತವರುಮನೆ, ಹಲಸಿನಕಾಯಿ ಹಪ್ಪಳದ ಕಾಲ. ನನಗೆ ಆಗ ನಲವತ್ತೊಂದು. ಬೆಳಗ್ಗೆಯಿಂದ ಮಂಡಿ ಮಡಚಿ ನೆಲದಲ್ಲಿ ಕುಳಿತು, ಕೈಗೆ ಎಣ್ಣೆ ಸವರಿಕೊಂಡು ತೊಳೆ ಬಿಡಿಸುತ್ತಿದ್ದೆ. ಅಂಗಳದಲ್ಲಿ ಯಾರೋ ಕರೆದರು. ಕೈಗೆಲ್ಲ ಮೇಣ ಅಂಟಿದ್ದರಿಂದ ನೆಲಕ್ಕೆ ಕೈ ಊರದೆ, ಬಲಗಾಲಿನ ಮೇಲೆ ಭಾರ ಹಾಕಿ, ಅರ್ಧ ತಿರುಗಿಕೊಂಡೇ ಎದ್ದೆ. ಮಂಡಿಯೊಳಗೆ ‘ಟಕ್’ ಎಂದಿತು. ಎದ್ದದ್ದು ಅರ್ಧ ಮಾತ್ರ. ಕಾಲು ಮಡಚಿದಲ್ಲೇ ನಿಂತುಬಿಟ್ಟಿತು. (ನೋಡಿ, ಇಲ್ಲಿ ‘ಬಿಟ್ಟಿತು’ ಸರಿಯಾದ ಬಳಕೆ.) ನೋವಿಗಿಂತ ಹೆಚ್ಚು ಆಶ್ಚರ್ಯವಾಯಿತು. ಬಾಗಿಲಿನ ಸಂದಿಗೆ ಕಲ್ಲು ಸಿಕ್ಕಿಕೊಂಡ ಹಾಗೆ ಕಾಲು ಒಂದು ಹಂತದವರೆಗೆ ಬರುತ್ತಿತ್ತು, ಅಲ್ಲಿಂದ ಮುಂದಕ್ಕೆ ಎಷ್ಟು ಒತ್ತಿದರೂ ನೆಟ್ಟಗಾಗುತ್ತಿರಲಿಲ್ಲ.

ಮುಂದಿನ ಒಂಬತ್ತು ದಿನ ಎಕ್ಕದ ಎಲೆಗೆ ಹರಳೆಣ್ಣೆ ಸವರಿ ಬಿಸಿ ಮಾಡಿ ಕಟ್ಟಿದರು. ಉಳುಕು ತೆಗೆಯುವವರೊಬ್ಬರು ಬಂದು ಎಳೆದರು. ಆ ಎಳೆತವನ್ನು ನೆನೆದರೆ ಈಗಲೂ ಕಣ್ಣು ಕತ್ತಲೆಗಟ್ಟುತ್ತದೆ. ಎಕ್ಸ್‌ರೇ ಮಾಡಿಸಿದೆವು, "ಏನೂ ಇಲ್ಲ" ಎಂದು ಬಂತು. ಏನೂ ಇಲ್ಲವಂತೆ ಎಂದು ಮನೆಯವರೆಲ್ಲ ಸಂತೋಷಪಟ್ಟರು, ನಾನು ಗೋಡೆ ಹಿಡಿದು ಕುಂಟುತ್ತಲೇ ಇದ್ದೆ. ಎಕ್ಸ್‌ರೇಗೆ ಕಾಣುವುದು ಮೂಳೆ ಮಾತ್ರ. ನನ್ನದು ಹರಿದದ್ದು ಮೂಳೆಯಲ್ಲ, ವಾಷರ್.

ವಾಷರ್ ಎಂದದ್ದು ಶಿವಮೊಗ್ಗದ ವೈದ್ಯರು. ತೊಡೆಯ ಮೂಳೆಗೂ ಕೆಳಗಿನ ಮೂಳೆಗೂ ನಡುವೆ ಒಳಗೊಂದು ಹೊರಗೊಂದು, ಬಿದಿಗೆ ಚಂದ್ರನ ಆಕಾರದ ಎರಡು ಮೆತ್ತೆಗಳಿರುತ್ತವೆ. ಮೆನಿಸ್ಕಸ್ ಎನ್ನುತ್ತಾರೆ. ನನ್ನ ಒಳಬದಿಯ ಮೆತ್ತೆ ಉದ್ದಕ್ಕೆ ಸೀಳಿ, ಸೀಳಿದ ಭಾಗ ಬಕೆಟ್ಟಿನ ಹಿಡಿಯ ಹಾಗೆ ಮೇಲೆದ್ದು ಮಗುಚಿ, ಕೀಲಿನ ನಡುವೆ ಬೆಣೆಯಂತೆ ಸಿಕ್ಕಿಕೊಂಡಿತ್ತು. ಎಂಆರ್‌ಐ ವರದಿಯಲ್ಲಿಯೂ ‘ಬಕೆಟ್ ಹ್ಯಾಂಡಲ್’ ಎಂದೇ ಬರೆದಿದ್ದರು. ಎಣ್ಣೆ ಎಷ್ಟೇ ಒಳ್ಳೆಯದಾದರೂ ಬೆಣೆ ತೆಗೆಯಲಾರದು. ಹಾಗಾಗಿ ನಿರ್ಧಾರಕ್ಕೆ ನಾನು ತೆಗೆದುಕೊಂಡದ್ದು ಒಂದು ಸಂಜೆ. ಧೈರ್ಯವಂತೆ ಎಂದಲ್ಲ, ಬೇರೆ ದಾರಿಯಿರಲಿಲ್ಲ.

ಶಸ್ತ್ರಚಿಕಿತ್ಸೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಅದರಲ್ಲಿ ನನ್ನ ಪಾಲು ಸುಮ್ಮನೆ ಮಲಗಿದ್ದು. ಸೊಂಟದಿಂದ ಕೆಳಗೆ ಮರಗಟ್ಟಿಸಿದ್ದರು. ಮಂಡಿಚಿಪ್ಪಿನ ಎರಡೂ ಬದಿಗೆ ಒಂದೊಂದು ಪುಟ್ಟ ತೂತು: ಒಂದರಿಂದ ಪೆನ್ಸಿಲಿಗಿಂತ ತೆಳುವಾದ ಕ್ಯಾಮೆರಾ, ಇನ್ನೊಂದರಿಂದ ಉಪಕರಣ. ಕೀಲನ್ನು ಉಬ್ಬಿಸಲು ಸಲೈನ್ ಹರಿಸುತ್ತಾರೆ. ಪರದೆ ನನ್ನ ಕಡೆಗೂ ತಿರುಗಿತ್ತು. ನನ್ನ ಮಂಡಿಯ ಒಳಗು ಎಳನೀರಿನ ಗಂಜಿಯಷ್ಟು ಬೆಳ್ಳಗೆ, ನುಣ್ಣಗೆ ಇತ್ತು. ಅದರ ನಡುವೆ ಹರಿದ ಚೂರು ನೀರಿನಲ್ಲಿ ಓಲಾಡುತ್ತಿತ್ತು. ಇಷ್ಟು ಚೆಂದದ ಜಾಗದಲ್ಲಿ ಇಷ್ಟು ಕೆಟ್ಟ ಚಿಂದಿಯೇ ಎಂದು ನಾಚಿಕೆಯಾಯಿತು, ನೆಂಟರು ಬಂದಾಗ ಕೋಣೆ ಗುಡಿಸಿರದಿದ್ದರೆ ಆಗುವಂಥ ನಾಚಿಕೆ.

ನಿಜವಾದ ನಿರ್ಧಾರ ಇನ್ನೊಂದಿತ್ತು, ಅದನ್ನು ಯಾರೂ ಕೇಳುವುದಿಲ್ಲ: ಹೊಲಿಯುವುದೋ, ಕತ್ತರಿಸುವುದೋ? ದೊಡ್ಡವರ ಮೆನಿಸ್ಕಸ್‌ನಲ್ಲಿ ರಕ್ತ ಹರಿಯುವುದು ಹೊರ ಅಂಚಿನ ಮೂರನೇ ಒಂದು ಭಾಗಕ್ಕೆ ಮಾತ್ರ. ಹರಿದದ್ದು ಅಲ್ಲಾದರೆ ಹೊಲಿಗೆ ಹಾಕಿದರೆ ಕೂಡಿಕೊಳ್ಳಬಹುದು. ಒಳಗಡೆಯಾದರೆ ಕೂಡುವುದು ಕಷ್ಟ, ಹರಿದ ಚೂರನ್ನು ಕತ್ತರಿಸಿ ತೆಗೆಯುತ್ತಾರೆ. "ಒಳಗೆ ನೋಡಿದ ಮೇಲೆಯೇ ಹೇಳಬಲ್ಲೆ" ಎಂದು ವೈದ್ಯರು ಎರಡಕ್ಕೂ ಸಹಿ ಹಾಕಿಸಿಕೊಂಡಿದ್ದರು. ನನ್ನದು ಅಂಚಿನಲ್ಲಿತ್ತು. ಹೊಲಿದರು.

ಇದರಿಂದ ನಾನು ಪಟ್ಟ ಪಾಡು ಶಸ್ತ್ರಚಿಕಿತ್ಸೆಯದ್ದಲ್ಲ, ಪಕ್ಕದ ಮನೆಯವರ ಸೋದರಳಿಯನದ್ದು. ಅವನಿಗೂ ಮಂಡಿಯಲ್ಲಿ ಅದೇ ಕ್ಯಾಮೆರಾ, ಅವನು ಮಾರನೆಯ ದಿನವೇ ನಡೆದು ಮನೆಗೆ ಬಂದಿದ್ದನಂತೆ. ನನಗೆ ಮಾತ್ರ ಆರು ವಾರ ಬೆಲ್ಟು, ವಾಕರ್, ತೊಂಬತ್ತು ಡಿಗ್ರಿಗಿಂತ ಹೆಚ್ಚು ಮಡಚಬಾರದೆಂಬ ಕಟ್ಟಪ್ಪಣೆ. "ಇಷ್ಟೇ ಇಷ್ಟು ತೂತಿಗೆ ಇಷ್ಟೊಂದು ರಜೆಯೇ?" ಎಂದು ಅವರು ನನ್ನ ಮಂಚದ ಪಕ್ಕದಲ್ಲಿ ಕುಳಿತು ಕೇಳಿದರು. ಅವನದ್ದು ಕತ್ತರಿಸಿದ್ದು, ಬೇಗ ನಡೆಯಬಹುದು, ಆದರೆ ಹೋದ ಮೆತ್ತೆ ಹೋಯಿತು. ನನ್ನದು ಹೊಲಿದದ್ದು, ಕೂಡುವವರೆಗೆ ಕಾಯಬೇಕು, ಮೆತ್ತೆ ಉಳಿಯುತ್ತದೆ. ಇದನ್ನು ನಾಲ್ಕು ಸಲ ವಿವರಿಸಿದೆ. ಐದನೆಯ ಸಲ, "ಅವನು ಗಂಡಸು" ಎಂದುಬಿಟ್ಟೆ. ಅವರಿಗೆ ಕೂಡಲೇ ಅರ್ಥವಾಯಿತು.

ಐದನೆಯ ತಿಂಗಳಲ್ಲಿ ಮದುವೆಯೊಂದಕ್ಕೆ ಹೋದೆ. ನೆಲದ ಪಂಕ್ತಿಯಲ್ಲಿ ಕೂರುವುದಕ್ಕೆ ನನಗೆ ಇನ್ನೂ ಅನುಮತಿಯಿರಲಿಲ್ಲ. ಗೋಡೆಯ ಬದಿ ವಯಸ್ಸಾದವರಿಗೆಂದು ಹಾಕಿದ ಮೇಜು-ಕುರ್ಚಿಯಲ್ಲಿ, ಎಂಬತ್ತು ದಾಟಿದ ಇಬ್ಬರು ಅಜ್ಜಿಯರ ನಡುವೆ ಕುಳಿತೆ. ಎದುರಿಗೆ ನೆಲದಲ್ಲಿ ಎಲೆ ಹಾಕಿಸಿಕೊಂಡು ಕುಳಿತಿದ್ದವರು ದೊಡ್ಡಮ್ಮ, ಆಗ ಅವರಿಗೆ ಎಪ್ಪತ್ತು. ಅಪ್ಪೆಹುಳಿ ಬಡಿಸುವವನು ಅವರ ಎಲೆಯವರೆಗೆ ಬಂದಿದ್ದ. ಅವನನ್ನು ಅಲ್ಲೇ ತಡೆದು ನಿಲ್ಲಿಸಿ, ಇಡೀ ಪಂಕ್ತಿಗೆ ಕೇಳುವಂತೆ, "ಏನೇ, ಮಂಡಿ ಕೊಯ್ಯಿಸಿಕೊಂಡುಬಿಟ್ಟೆಯಂತೆ? ನಮ್ಮ ಕಾಲದಲ್ಲಿ ಇದೆಲ್ಲ ಇತ್ತೇ?" ಎಂದರು. ಅವರ ಪಕ್ಕದಲ್ಲಿದ್ದ ಕಿವಿ ಮಂದವಾದವರು, "ಮಂಡೆಗೇ ಆಪರೇಷನ್ನೇ? ಅಯ್ಯೋ, ಪಾಪ" ಎಂದು ನನ್ನನ್ನು ದಿಟ್ಟಿಸಿದರು. "ಮಂಡೆಯಲ್ಲ, ಮಂಡಿ" ಎಂದು ಯಾರೋ ತಿದ್ದಿದರು. ಇನ್ಯಾರೋ, "ಸ್ಟೀಲ್ ಹಾಕಿದ್ದಾರೆಯೇ? ವಾಜಪೇಯಿಯವರಿಗೆ ಹಾಕಿದ್ದರಲ್ಲ" ಎಂದರು. ವಾಜಪೇಯಿಯವರಿಗೆ 2000ದಲ್ಲಿ ಒಂದು, 2001ರಲ್ಲಿ ಇನ್ನೊಂದು ಮಂಡಿ ಬದಲಿಸಿದ್ದು ನಿಜ. ಅದು ಸವೆದ ಕೀಲನ್ನೇ ತೆಗೆದು ಹೊಸದು ಕೂರಿಸುವ ಕೆಲಸ. ನನ್ನದು ಬಟ್ಟೆ ಹೊಲಿದಂಥ ಕೆಲಸ. ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಹೋಳಿಗೆ ಬಂತು, ನನ್ನ ಮಂಡಿಯನ್ನು ಎಲ್ಲರೂ ಮರೆತರು.

ದೊಡ್ಡಮ್ಮನ "ನಮ್ಮ ಕಾಲ"ಕ್ಕೆ ಉತ್ತರ ನನಗೆ ಮೊದಲೇ ಗೊತ್ತಿತ್ತು, ಹಾಸಿಗೆಯಲ್ಲಿದ್ದಾಗ ಓದಿದ್ದೆ. ಮಂಡಿಯೊಳಗೆ ಇಣುಕುವ ವಿದ್ಯೆಗೆ ಕೈ ಹಾಕಿದ ಮೊದಲಿಗರಲ್ಲಿ ಒಬ್ಬರು ಟೋಕಿಯೋದ ಕೆಂಜಿ ಟಕಾಗಿ. ಮೂತ್ರಕೋಶ ನೋಡುವ ಕೊಳವೆಯನ್ನು 1918ರಲ್ಲಿ ಶವವೊಂದರ ಮಂಡಿಗೆ ಹಾಕಿ ನೋಡಿದರು. ಕ್ಷಯ ತಗುಲಿ ಮಂಡಿ ಸೆಟೆದುಹೋದರೆ ನೆಲದಲ್ಲಿ ಮಂಡಿಯೂರಿ ಬದುಕುವ ಜಪಾನೀಯರಿಗೆ ಬಾಳೇ ಕಷ್ಟ ಎಂಬುದು ಅವರ ಚಿಂತೆಯಾಗಿತ್ತು. ಹರಿದ ಮೆನಿಸ್ಕಸ್ಸಿನ ಚೂರನ್ನು ಹೀಗೆ ಕೊಳವೆಯಿಂದಲೇ ತೆಗೆದದ್ದು ಅವರ ಶಿಷ್ಯ ಮಸಾಕಿ ವತನಾಬೆ, 1962ರಲ್ಲಿ. ಅಂದರೆ ನೆಲದಲ್ಲಿ ಕೂರುವವರ ಸಂಕಟದಿಂದ ಹುಟ್ಟಿದ ವಿದ್ಯೆ ಇದು, ದೊಡ್ಡಮ್ಮ ಹುಟ್ಟುವ ಮೊದಲೇ ಶುರುವಾದದ್ದು. ಪಂಕ್ತಿಯಲ್ಲಿ ಇದನ್ನೆಲ್ಲ ಹೇಳುವುದು ಹೇಗೆ? ಮೊಸರು ಬರುವುದರೊಳಗೆ ಮುಗಿಯುವ ಕತೆಯಲ್ಲ.

ಇಷ್ಟೆಲ್ಲ ಕೇಳುವವರು ಒಂದನ್ನು ಕೇಳಿದ್ದರೆ ನಾನು ಕುರ್ಚಿ ಎಳೆದುಕೊಂಡು ಉತ್ತರಿಸುತ್ತಿದ್ದೆ: ನಿಮ್ಮ ತೊಡೆ ಹೇಗಿದೆ?

ಆಪರೇಷನ್ ಆದ ಮಾರನೆಯ ಬೆಳಗ್ಗೆ ಫಿಸಿಯೋಥೆರಪಿಯ ಹುಡುಗಿ ಬಂದಳು. ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, "ತೊಡೆ ಬಿಗಿ ಮಾಡಿ, ಟವೆಲನ್ನು ಒತ್ತಿ" ಎಂದಳು. ಒತ್ತಿದೆ. "ಒತ್ತಿ, ಮೇಡಂ." ಒತ್ತುತ್ತಲೇ ಇದ್ದೆ, ಹಲ್ಲು ಕಚ್ಚಿಕೊಂಡಿದ್ದೆ, ಮುಷ್ಟಿ ಬಿಗಿದಿತ್ತು, ಎಡತೊಡೆಯೂ ಬಿಗಿದಿತ್ತು. ಬಲತೊಡೆ ಮಾತ್ರ ಬೇರೆಯವರ ಮನೆಯ ಮಗುವಿನಂತೆ ನನ್ನನ್ನು ನೋಡುತ್ತಾ ಮಲಗಿತ್ತು. ಸೂಜಿಮದ್ದಿನ ಮರಗಟ್ಟು ಹಿಂದಿನ ರಾತ್ರಿಯೇ ಇಳಿದಿತ್ತು, ಬೆರಳು ಆಡುತ್ತಿತ್ತು. ಆದರೂ ತೊಡೆ ನನ್ನ ಮಾತು ಕೇಳಲಿಲ್ಲ. ಕೀಲಿನೊಳಗೆ ನೀರು ತುಂಬಿ ಊದಿಕೊಂಡರೆ, ತೊಡೆಯ ಮುಂಭಾಗದ ಸ್ನಾಯುವಿಗೆ ಹೋಗುವ ಆಜ್ಞೆಯನ್ನು ಬೆನ್ನುಹುರಿಯ ಮಟ್ಟದಲ್ಲೇ ತಡೆಯುವ ಏರ್ಪಾಡು ದೇಹದಲ್ಲಿದೆಯಂತೆ. ಇಚ್ಛಾಶಕ್ತಿ, ಹಟ, ದೇವರ ಹೆಸರು ಯಾವುದೂ ಅಲ್ಲಿಗೆ ತಲುಪುವುದಿಲ್ಲ. ಐಸು ಇಟ್ಟು ಊತ ಇಳಿಸಬೇಕು, ಗಂಟೆಗೊಮ್ಮೆ ಬಿಗಿ ಮಾಡಲು ಪ್ರಯತ್ನಿಸಬೇಕು, ಅಷ್ಟೇ. ಮೂರನೆಯ ದಿನ ಮಂಡಿಚಿಪ್ಪು ಒಂದು ಕೂದಲೆಳೆಯಷ್ಟು ಮೇಲಕ್ಕೆ ಸರಿಯಿತು. ಹುಡುಗಿ ಚಪ್ಪಾಳೆ ತಟ್ಟಿದಳು. ವರ್ಷಗಟ್ಟಲೆ ನೋಟು ಎಣಿಸಿದ ಬುದ್ಧಿ ನನ್ನದು ಎಂದುಕೊಂಡಿದ್ದವಳು, ಅಂದು ಮಗುವಿನಂತೆ ಅತ್ತೆ.

ಸ್ನಾಯು ಕರಗುವ ವೇಗ ನೋಡಿದವರಿಗೇ ಗೊತ್ತು. ಎರಡು ವಾರದಲ್ಲಿ ಬಲತೊಡೆ ಎಡದ್ದರ ತಂಗಿಯಂತಾಯಿತು. ಅಳತೆಪಟ್ಟಿ ಹಿಡಿದು ನೋಡಿದರೆ ಮೂರು ಸೆಂಟಿಮೀಟರ್ ವ್ಯತ್ಯಾಸ. ಇಲ್ಲಿ ನನ್ನದೊಂದು ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ಮಂಡಿಯ ಕೆಳಗೆ ದಿಂಬು ಇಡಬೇಡಿ ಎಂದು ಹುಡುಗಿ ಹೇಳಿದ್ದಳು. ದಿಂಬಿಟ್ಟು ಸ್ವಲ್ಪ ಮಡಚಿ ಮಲಗಿದರೆ ಸುಖ, ಆದರೆ ಕಾಲು ಹಾಗೆಯೇ ಉಳಿದು ಪೂರ್ತಿ ನೆಟ್ಟಗಾಗುವುದಿಲ್ಲ. ರಾತ್ರಿ ಅವಳು ಇರುತ್ತಿರಲಿಲ್ಲವಲ್ಲ, ನಾನು ಇಟ್ಟುಕೊಳ್ಳುತ್ತಿದ್ದೆ. ಆ ಸುಖದ ಸಾಲವನ್ನು ಹಿಮ್ಮಡಿಯ ಕೆಳಗೆ ಮಾತ್ರ ಟವೆಲ್ ಇಟ್ಟು ಮಂಡಿಯನ್ನು ಗಾಳಿಯಲ್ಲಿ ತೂಗುಬಿಡುವ ವ್ಯಾಯಾಮದಿಂದ ಎರಡು ತಿಂಗಳು ತೀರಿಸಿದೆ, ಬಡ್ಡಿ ಸಮೇತ.

ಇನ್ನು ಎಡಮಂಡಿ. 2022ರಲ್ಲಿ ಅದೂ ನೋಯತೊಡಗಿತು. ಬಿದ್ದಿರಲಿಲ್ಲ, ಸಿಕ್ಕಿಕೊಂಡಿರಲಿಲ್ಲ, ಮೆಟ್ಟಿಲಿಳಿಯುವಾಗ ಒಂದು ಕೊರೆತ ಅಷ್ಟೇ. ಎಂಆರ್‌ಐಯಲ್ಲಿ ಇಲ್ಲಿಯೂ ಮೆನಿಸ್ಕಸ್ ಹರಿದಿದೆ ಎಂದು ಬಂತು. ಬೇರೊಬ್ಬ ವೈದ್ಯರು, "ಒಂದು ಮಾಡಿಸಿದ್ದೀರಲ್ಲ, ನಿಮಗೆ ಹೊಸದೇನಲ್ಲ" ಎಂದು ತಾರೀಕು ಕೊಡಲು ಹೊರಟರು. ನಾನು ಎದ್ದು ಬಂದೆ. ಲೆಕ್ಕ ನೋಡುವುದು ನನ್ನ ವೃತ್ತಿ, ಇದನ್ನೂ ನೋಡಿದ್ದೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ ಐವತ್ತು ದಾಟಿದ 991 ಜನರ ಮಂಡಿಯನ್ನು ಎಂಆರ್‌ಐ ಮಾಡಿ 2008ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಹರಿದ ಮೆನಿಸ್ಕಸ್ ಇದ್ದವರಲ್ಲಿ ಶೇ. 61 ಜನರಿಗೆ ಹಿಂದಿನ ತಿಂಗಳಲ್ಲಿ ನೋವೇ ಇರಲಿಲ್ಲ. ಫಿನ್‌ಲ್ಯಾಂಡಿನವರು ಇನ್ನೂ ಗಟ್ಟಿಗರು. ಸವೆತದಿಂದ ಮೆನಿಸ್ಕಸ್ ಹರಿದ 146 ಜನರಲ್ಲಿ ಸುಮಾರು ಅರ್ಧ ಜನರಿಗೆ ನಿಜವಾಗಿ ಕತ್ತರಿಸಿದರು, ಉಳಿದವರಿಗೆ ಕತ್ತರಿಸಿದಂತೆ ನಟಿಸಿದರು. ವರ್ಷದ ನಂತರ ಎರಡೂ ಗುಂಪಿನ ನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. 2013ರ ಆ ಅಧ್ಯಯನಕ್ಕೆ ನನ್ನ ಬಲಮಂಡಿಯಂತೆ ಸಿಕ್ಕಿಕೊಂಡ ಮಂಡಿಯವರನ್ನು ಸೇರಿಸಿಕೊಂಡಿರಲಿಲ್ಲ ಎಂಬುದನ್ನೂ ಗಮನಿಸಿ. ಎಡಮಂಡಿಗೆ ಮೂರು ತಿಂಗಳು ತೊಡೆಯ ವ್ಯಾಯಾಮ ಮಾಡಿದೆ. ಕೊರೆತ ಪೂರ್ತಿ ಹೋಗಿಲ್ಲ, ನನ್ನ ದಿನವನ್ನು ಹಾಳುಮಾಡುವಷ್ಟು ಉಳಿದಿಲ್ಲ.

ಈಗ ಜನ ಹೇಳುವುದು, "ಬಲಗಾಲಿಗೆ ಮಾಡಿಸಿದವರು ಎಡಗಾಲಿಗೆ ಯಾಕೆ ಬಿಟ್ಟಿರಿ?" ಅಲ್ಲಿಯೂ ಒಂದು ‘ಬಿಟ್ಟಿರಿ’.

ಕಳೆದ ವರ್ಷ ದೊಡ್ಡಮ್ಮನ ಸವೆದ ಮಂಡಿಯನ್ನು ಬದಲಾಯಿಸಿದರು. ಹದಿನೈದು ದಿನ ಕಳೆದು ಅವರೇ ಫೋನ್ ಮಾಡಿದರು. "ಬಂದವರೆಲ್ಲ ಮಾಡಿಸಿಬಿಟ್ಟಿರಾ, ಮಾಡಿಸಲೇಬೇಕಿತ್ತೇ ಎನ್ನುತ್ತಾರಲ್ಲೇ. ಇವರ ಮನೆಯ ದುಡ್ಡೇ?" ಎಂದು ಕಿಡಿಕಾರಿದರು. ನನಗೆ ಒಳಗೊಳಗೇ ಖುಷಿಯಾಯಿತು. ಮದುವೆಯ ಪಂಕ್ತಿಯನ್ನು ನೆನಪಿಸಬೇಕೆಂದು ನಾಲಿಗೆ ತುದಿಗೆ ಬಂದಿತ್ತು, ತಡೆದುಕೊಂಡೆ. ಯಾರೂ ಕೇಳದ ಪ್ರಶ್ನೆಯನ್ನು ನಾನಾದರೂ ಕೇಳೋಣ ಎನಿಸಿತು.

"ತೊಡೆ ಹೇಗಿದೆ, ದೊಡ್ಡಮ್ಮ?"

ಆ ಕಡೆ ಸ್ವಲ್ಪ ಹೊತ್ತು ಮೌನ.

"ತೊಡೆಗೇನಾಗಿದೆ? ಆಪರೇಷನ್ ಆದದ್ದು ಮಂಡಿಗಲ್ಲವೇನೇ? ನಿನಗೆ ಮಂಡೆ ಸರಿ ಇದೆ ತಾನೇ?"