ಸೈಕಲ್ ಟ್ಯೂಬಿನಿಂದ ಶುರುವಾದ ಮೆದುಳಿನ ಪಾಠ

ಕಾಲೇಜಿನ ಸಂಚಿಕೆಗೆ ಹಳೆಯ ವಿದ್ಯಾರ್ಥಿಗಳಿಂದ ಲೇಖನ ಬೇಕು ಅಂತ ಮೆಸೇಜ್ ಬಂತು. ಹಾಸ್ಟೆಲ್, ಕ್ಯಾಂಟೀನ್, ಟೂರ್ ಬಗ್ಗೆ ಬೇರೆಯವರು ಖಂಡಿತ ಬರೆಯುತ್ತಾರೆ. ನನಗೆ ಬರೆಯಬೇಕು ಅನ್ನಿಸಿದ್ದು ಝೂವಾಲಜಿ ಲ್ಯಾಬಿನ ಬಗ್ಗೆ, ಅದರಲ್ಲೂ ನಮ್ಮ ಮೇಷ್ಟ್ರು ಮೆದುಳು ಹೇಳಿಕೊಟ್ಟ ರೀತಿಯ ಬಗ್ಗೆ. ಈಗ ನಾನು ಬೆಂಗಳೂರಿನ ಒಂದು ಲ್ಯಾಬಿನಲ್ಲಿದ್ದೇನೆ. ಇಲಿಯ ಮೆದುಳನ್ನು ಮೈಕ್ರೋಟೋಮಿನಲ್ಲಿ ತೆಳ್ಳಗೆ ಕತ್ತರಿಸಿ, ಸ್ಲೈಡಿನ ಮೇಲೆ ಕೂರಿಸಿ, ಬಣ್ಣ ಹಾಕಿ, ಯಾವ ಭಾಗ ಯಾವುದು ಎಂದು ಗುರುತಿಸುವುದು ನನ್ನ ಕೆಲಸ. ಆ ಕೆಲಸಕ್ಕೆ ಬೇಕಾದ ಕಣ್ಣು ಬಂದಿದ್ದು ನಮ್ಮ ಕಾಲೇಜಿನ ಲ್ಯಾಬಿನಲ್ಲೇ.

ಮೆದುಳಿನ ಪಾಠ ಶುರು ಮಾಡಿದ ದಿನ ಅವರು ವ್ಯಾಖ್ಯೆ ಬರೆಸಲಿಲ್ಲ. "ಮೆದುಳು ಎಲ್ಲಿ ಮುಗಿಯುತ್ತೆ, ಬೆನ್ನುಹುರಿ ಎಲ್ಲಿ ಶುರುವಾಗುತ್ತೆ, ಹೇಳ್ರಪ್ಪಾ" ಎಂದು ಕೇಳಿದರು. ತಲೆಬುರುಡೆಯ ತಳದಲ್ಲಿರುವ ದೊಡ್ಡ ತೂತಿನ ಹತ್ತಿರ ಅಂತ ಯಾರೋ ಹೇಳಿದರು. ಸರಿಯೇ, ಎಲ್ಲ ಪುಸ್ತಕದಲ್ಲೂ ಹಾಗೇ ಇದೆ. ಆಮೇಲೆ ಆ ಜಾಗದ ಒಂದು ಸ್ಲೈಡನ್ನು ಮೈಕ್ರೋಸ್ಕೋಪಿನ ಕೆಳಗೆ ಇಟ್ಟು ಒಬ್ಬೊಬ್ಬರನ್ನೇ ಕರೆದು ತೋರಿಸಿದರು. ಅಲ್ಲಿ ಗೆರೆ ಇಲ್ಲ. ಮೆದುಳಿನ ಕೊನೆಯ ಭಾಗವಾದ ಮೆಡುಲ್ಲಾ ಮೆಲ್ಲಗೆ ಬೆನ್ನುಹುರಿಯಾಗುತ್ತದೆ, ಅಷ್ಟೆ. ಕತ್ತಿನ ಮೊದಲ ನರ ಹೊರಡುವ ಜಾಗವನ್ನು ಗಡಿ ಎಂದು ಇಟ್ಟುಕೊಂಡವರು ನಾವು. ಮುಂದಿನ ಪ್ರಶ್ನೆ ಇನ್ನೂ ಚೆನ್ನಾಗಿತ್ತು: "ಕಣ್ಣಿನ ರೆಟಿನಾ ಮೆದುಳೋ ಅಲ್ಲವೋ?" ಭ್ರೂಣದಲ್ಲಿ ಮುಮ್ಮೆದುಳಿನ ಗೋಡೆಯೇ ಹೊರಗೆ ಉಬ್ಬಿ ರೆಟಿನಾ ಆಗುತ್ತದೆ. ನಾವು ಎರಡನೇ ಕಪಾಲನರ (ಮೆದುಳಿನಿಂದ ನೇರವಾಗಿ ಹೊರಡುವ ನರ) ಎಂದು ಬಾಯಿಪಾಠ ಮಾಡುವ ದೃಷ್ಟಿನರ ಹುಟ್ಟಿನಿಂದ ನೋಡಿದರೆ ಮೆದುಳಿನದೇ ತಂತುಗಳ ಕಟ್ಟು. ಹಾಗಾದರೆ ಮೆದುಳು ತಲೆಬುರುಡೆಯ ಒಳಗಿರುವುದು ಎಂಬ ವ್ಯಾಖ್ಯೆ ಸಾಲುತ್ತಾ? ಆ ದಿನ ನಮಗೆ ಉತ್ತರ ಕೊಡದೇ ಕಳಿಸಿದರು.

ಮರುದಿನ ಅವರು ತಂದಿದ್ದು ಒಂದು ಹಳೇ ಸೈಕಲ್ ಟ್ಯೂಬಿನ ತುಂಡು, ಸುತಲಿ ದಾರ, ಗಾಳಿ ಹೊಡೆಯುವ ಪಂಪು. ಎರಡೂ ಕೊನೆ ಕಟ್ಟಿ ಗಾಳಿ ತುಂಬಿದರು. ಇದು ನರಕೊಳವೆ, ಅಂದರೆ ಭ್ರೂಣದಲ್ಲಿ ಮೆದುಳು, ಬೆನ್ನುಹುರಿ ಎರಡೂ ಆಗುವ ಕೊಳವೆ, ಅಂದುಕೊಳ್ಳಿ ಎಂದರು. ಒಂದು ತುದಿಯ ಹತ್ತಿರ ಎರಡು ಕಡೆ ಸುತಲಿ ಸುತ್ತಿದಾಗ ಮೂರು ಉಬ್ಬು ಬಂದವು: ಮುಮ್ಮೆದುಳು, ಮಧ್ಯ ಮೆದುಳು, ಹಿಮ್ಮೆದುಳು. ಉಳಿದ ಉದ್ದ ಬೆನ್ನುಹುರಿ. ಆಮೇಲೆ ಮುಂದಿನ ಉಬ್ಬಿಗೂ ಹಿಂದಿನ ಉಬ್ಬಿಗೂ ಇನ್ನೊಂದೊಂದು ಸುತ್ತು ಹಾಕಿ ಐದು ಮಾಡಿದರು. ನಡುವಿನದನ್ನು ಮುಟ್ಟಲಿಲ್ಲ, ಯಾಕೆಂದರೆ ಅದು ಒಡೆಯುವುದಿಲ್ಲ. ಟೆಲೆನ್ಸೆಫಲಾನ್, ಡೈಎನ್ಸೆಫಲಾನ್, ಮೀಸೆನ್ಸೆಫಲಾನ್, ಮೆಟೆನ್ಸೆಫಲಾನ್, ಮೈಲೆನ್ಸೆಫಲಾನ್ ಎಂಬ ಹೆಸರುಗಳು ಬಂದದ್ದು ಅದಾದ ಮೇಲೆ. ಮನುಷ್ಯನ ಭ್ರೂಣದಲ್ಲಿ ನಾಲ್ಕನೇ ವಾರಕ್ಕೆ ಮೂರು ಉಬ್ಬು, ಐದನೇ ವಾರಕ್ಕೆ ಐದು. ಮೀನು, ಕಪ್ಪೆ, ಹಲ್ಲಿ, ಕೋಳಿ, ಇಲಿ, ಮನುಷ್ಯ, ಎಲ್ಲದಕ್ಕೂ ಮೂಲ ಈ ಕೊಳವೆಯೇ.

"ಸುತಲಿ ತೀರಾ ಬಿಗಿ ಕಟ್ಟಬೇಡಿ, ಒಳಗೆ ಗಾಳಿ ಓಡಾಡಬೇಕು" ಅನ್ನುತ್ತಿದ್ದರು. ಯಾಕೆ ಅಂತ ಗೊತ್ತಾಗಿದ್ದು ಒಂದು ಉಬ್ಬನ್ನು ಹಿಚುಕಿದಾಗ ಪಕ್ಕದ್ದು ದಪ್ಪವಾದದ್ದನ್ನು ನೋಡಿ. ಕೊಳವೆಯ ಟೊಳ್ಳು ಕೊನೆಯವರೆಗೂ ಉಳಿಯುತ್ತದೆ. ಮೆದುಳಿನ ಅರ್ಧಗೋಳಗಳ ಒಳಗಿನ ವೆಂಟ್ರಿಕಲ್ ಎಂಬ ಎರಡು ಟೊಳ್ಳು, ಅವುಗಳ ನಡುವೆ ಕೆಳಗೆ ಮೂರನೆಯದು, ಮಧ್ಯ ಮೆದುಳಿನಲ್ಲಿ ಸಿಲ್ವಿಯಸ್ಸನ ಸಣ್ಣ ಕಾಲುವೆ, ಹಿಮ್ಮೆದುಳಿನಲ್ಲಿ ನಾಲ್ಕನೇ ವೆಂಟ್ರಿಕಲ್, ಎಲ್ಲ ಒಂದಕ್ಕೊಂದು ಸೇರಿಕೊಂಡಿವೆ. ಇದನ್ನು ಚಿತ್ರ ನೋಡಿ ಕಲಿತವರಿಗಿಂತ ಟ್ಯೂಬು ಹಿಚುಕಿ ಕಲಿತವರಿಗೆ ಜಾಸ್ತಿ ನೆನಪಿರುತ್ತದೆ, ಇದು ನನ್ನ ಖಚಿತ ಅಭಿಪ್ರಾಯ.

ಕೆಲಸಕ್ಕೆ ಸೇರಿದ ಮೇಲೆ ಓದುತ್ತಾ ಹೋದಾಗ ಒಂದು ವಿಷಯ ಸಿಕ್ಕಿ ಮೈ ಜುಮ್ಮೆಂದಿತು. ಈ ಉಬ್ಬುಗಳನ್ನು ಕೋಳಿಮರಿಯ ಭ್ರೂಣದಲ್ಲಿ ವಿವರಿಸಿದ್ದು ಕಾರ್ಲ್ ಅರ್ನ್ಸ್ಟ್ ಫಾನ್ ಬೇರ್, 1828ರಲ್ಲಿ. ಮುಂದೆ 1874ರಲ್ಲಿ ವಿಲ್ಹೆಲ್ಮ್ ಹಿಸ್ ಎಂಬ ಸ್ವಿಸ್ ಅಂಗರಚನಾ ವಿಜ್ಞಾನಿ ಭ್ರೂಣದ ಮೆದುಳು ಹೇಗೆ ಬಾಗಿ ಮಡಚಿಕೊಳ್ಳುತ್ತದೆ ಎಂದು ತೋರಿಸಲು ರಬ್ಬರ್ ಕೊಳವೆಯನ್ನೇ ಬಾಗಿಸಿದರು! ಆಗ ಕೆಲವರು ಅದನ್ನು ಗೇಲಿ ಮಾಡಿದ್ದೂ ಉಂಟು. ನಾನು ದಿನಾ ಬಳಸುವ ಮೈಕ್ರೋಟೋಮಿನ ಆರಂಭದ ರೂಪಗಳಲ್ಲಿ ಒಂದನ್ನು ಮಾಡಿದವರೂ ಇದೇ ಹಿಸ್. ಭ್ರೂಣವನ್ನು ಸಾಲಾಗಿ ಕತ್ತರಿಸಿ, ಒಂದೊಂದು ಪದರದ ಚಿತ್ರ ಬರೆದು, ಅದರಿಂದ ಪೂರ್ತಿ ಆಕಾರವನ್ನು ದೊಡ್ಡದಾಗಿ ಮತ್ತೆ ಕಟ್ಟುತ್ತಿದ್ದರು. ಜರ್ಮನಿಯ ಫ್ರೈಬುರ್ಗಿನಲ್ಲಿ ಜೀಗ್ಲರ್ ಮನೆತನದವರು ಅವನ್ನು ಮೇಣದಲ್ಲಿ ಎರಕ ಹೊಯ್ದು ಕಾಲೇಜುಗಳಿಗೆ ಮಾರುತ್ತಿದ್ದರು. ಇವತ್ತು ಕಂಪ್ಯೂಟರಿನಲ್ಲಿ ಮಾಡುವ 3ಡಿ ಮಾಡೆಲ್ ಕೂಡ ಇದೇ ಕ್ರಮ, ಮೇಣ ಮಾತ್ರ ಇಲ್ಲ.

ಶಾರ್ಕ್ ಡಿಸೆಕ್ಷನ್ ನಮ್ಮ ಬ್ಯಾಚಿನವರಿಗೆಲ್ಲ ನೆನಪಿರಲೇಬೇಕು. ಸ್ಕಾಲಿಯೋಡಾನ್, ಫಾರ್ಮಲಿನ್ ವಾಸನೆ, ಉರಿಯುವ ಕಣ್ಣು. ಅದರ ತಲೆಬುರುಡೆ ಮೃದ್ವಸ್ಥಿ ಆದ್ದರಿಂದ ಸ್ಕಾಲ್ಪೆಲ್‌ನಲ್ಲಿ ಸ್ವಲ್ಪ ಸ್ವಲ್ಪವೇ ಹೆರೆದು ತೆಗೆಯಬೇಕು. ಕಪಾಲನರಗಳು ಕಾಣಲಿ ಅಂತ ಅಡಿಗೆ ಕಪ್ಪು ಕಾಗದದ ಚೂರು ತೂರಿಸುತ್ತಿದ್ದೆವು. ವಾಸನೆ ಹಿಡಿಯುವ ಭಾಗ ಎಷ್ಟು ದೊಡ್ಡದು, ಚಲನೆಯ ಹೊಂದಾಣಿಕೆ ನೋಡಿಕೊಳ್ಳುವ ಸೆರೆಬೆಲ್ಲಂ ಎಷ್ಟು ಉಬ್ಬಿಕೊಂಡಿದೆ! ಕಪ್ಪೆಯಲ್ಲಿ ಅದೇ ಸೆರೆಬೆಲ್ಲಂ ಒಂದು ತೆಳು ಪಟ್ಟಿ ಮಾತ್ರ. ಮೀನಿಗಿಂತ ಕಪ್ಪೆ "ಮುಂದುವರಿದದ್ದು" ಅಂತ ನಾವು ಬರೆಯುತ್ತಿದ್ದೆವಲ್ಲ, ಹಾಗಾದರೆ ಇದು ಹೇಗೆ?

ಇಲ್ಲಿ ಮೇಷ್ಟ್ರು ಬಹಳ ಕಟ್ಟುನಿಟ್ಟು. ಲ್ಯಾಬಿನ ಗೋಡೆಯಲ್ಲಿ ಮೀನಿನಿಂದ ಮೊಲದವರೆಗೆ ಐದು ಮೆದುಳು ಸಾಲಾಗಿ ನಿಂತ ಚಾರ್ಟ್ ಇತ್ತು. ಅವುಗಳ ನಡುವೆ ಬಾಣದ ಗುರುತು ಹಾಕಿದರೆ ರೆಕಾರ್ಡ್ ಬುಕ್ಕಿನಲ್ಲಿ ಕೆಂಪು ಗೀಟು ಬೀಳುತ್ತಿತ್ತು. ಇವತ್ತಿನ ಮೀನು ಯಾರ ಅಜ್ಜನೂ ಅಲ್ಲ, ಅದೂ ನಮ್ಮಷ್ಟೇ ಕಾಲ ಬದಲಾಗುತ್ತಾ ಬಂದಿದೆ ಅನ್ನುತ್ತಿದ್ದರು. ಮನುಷ್ಯನ ತಲೆಯಲ್ಲಿ ಒಳಗೆ ಹಲ್ಲಿಯ ಮೆದುಳು, ಅದರ ಮೇಲೆ ಹಳೇ ಸಸ್ತನಿಯದು, ಅದರ ಮೇಲೆ ಹೊಸದು ಎಂಬ ಪಾಲ್ ಮೆಕ್‌ಲೀನ್ ಅವರ ಮೂರು ಪದರದ ಮಾದರಿ ಇಂದಿಗೂ ವಾಟ್ಸಾಪಿನಲ್ಲಿ ಓಡಾಡುತ್ತದೆ. ನೋಡಿದಾಗಲೆಲ್ಲ ಬೇಜಾರಾಗುತ್ತದೆ. ಹಲ್ಲಿಗೂ ಮುಮ್ಮೆದುಳು ಇದೆ, ಮೀನಿಗೂ ಇದೆ. ಪದರದ ಮೇಲೆ ಪದರ ಯಾರೂ ಪೇರಿಸಿಲ್ಲ. ಇದ್ದ ಭಾಗಗಳೇ ಬೇರೆ ಬೇರೆ ಪ್ರಮಾಣದಲ್ಲಿ ಬೆಳೆದಿವೆ.

ಹಕ್ಕಿಯ ಪಾಠ ಬಂದಾಗ ಪುಸ್ತಕದಲ್ಲಿ ಹಕ್ಕಿಯ ಮುಮ್ಮೆದುಳು ಬಹುಪಾಲು ಸ್ಟ್ರಯೇಟಂ (ಮುಮ್ಮೆದುಳಿನ ಆಳದ ಭಾಗ), ಯೋಚನೆಗೆ ಬೇಕಾದ ಹೊರಪದರವಾದ ಕಾರ್ಟೆಕ್ಸ್ ಇಲ್ಲವೆನ್ನುವಷ್ಟು ಕಮ್ಮಿ ಅಂತಿತ್ತು. "ಪರೀಕ್ಷೆಗೆ ಹೀಗೇ ಬರೀರಿ. ಆದ್ರೆ ಕ್ಯಾಂಟೀನ್ ಹಿಂದೆ ಕಾಗೆಗಳು ಏನೇನು ಮಾಡ್ತವೆ ಅಂತಾನೂ ನೋಡ್ತಾ ಇರಿ" ಎಂದರು ಮೇಷ್ಟ್ರು. ನಾವು ಪಾಸಾಗಿ ಹೋದ ಎಷ್ಟೋ ದಿನಕ್ಕೆ ಅದಕ್ಕೆ ಉತ್ತರ ಬಂತು. ಆ ಹೆಸರುಗಳು ಸುಮಾರು ನೂರು ವರ್ಷದ ಹಿಂದೆ ಲೂಡ್ವಿಗ್ ಎಡಿಂಗರ್ ಅವರ ಯೋಚನೆಯಿಂದ ಬಂದವು. ಹಕ್ಕಿಗೆ ಹುಟ್ಟುಗುಣ ಬಿಟ್ಟರೆ ಹೆಚ್ಚೇನೂ ಇಲ್ಲ ಎಂಬ ನಂಬಿಕೆ ಹೆಸರಿನೊಳಗೇ ಸೇರಿಹೋಗಿತ್ತು. 2002ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಸಂಶೋಧಕರು ಸೇರಿ ಆ ಹೆಸರುಗಳನ್ನು ಕೈಬಿಟ್ಟರು. 2004 ಮತ್ತು 2005ರಲ್ಲಿ ಹೊಸ ಪಟ್ಟಿ ಪ್ರಕಟವಾಯಿತು. ನಿಯೋಸ್ಟ್ರಯೇಟಂ ಹೋಗಿ ನಿಡೋಪ್ಯಾಲಿಯಂ ಆಯಿತು. ಅಂದರೆ ಅದು ನಮ್ಮ ಕಾರ್ಟೆಕ್ಸ್ ಹುಟ್ಟುವ ಪ್ಯಾಲಿಯಂ ಎಂಬ ಭಾಗಕ್ಕೇ ಸೇರಿದ್ದು. 2016ರಲ್ಲಿ ಲೆಕ್ಕ ಹಾಕಿ ನೋಡಿದರೆ ಮಕಾವ್ ಗಿಳಿಯ ಪುಟ್ಟ ಮೆದುಳಿನ ಆ ಭಾಗದಲ್ಲಿ ಮಕಾಕ್ ಕೋತಿಗಿಂತಲೂ ಹೆಚ್ಚು ನರಕೋಶಗಳಿದ್ದವು. ಆ ಪೇಪರುಗಳ ಜೆರಾಕ್ಸ್ ಮಾಡಿಸಿ ಮೇಷ್ಟ್ರಿಗೆ ಪೋಸ್ಟ್ ಮಾಡಿದೆ. ಅವರು ಫೋನ್ ಮಾಡಿ ಒಂದೊಂದು ಚಿತ್ರದ ಬಗ್ಗೆಯೂ ಕೇಳಿದರು.

ಹೆಸರಿನ ಗೊಂದಲ ಹಕ್ಕಿಗಷ್ಟೇ ಸೀಮಿತವಲ್ಲ. 1895ಕ್ಕೆ ಮೊದಲು ದೇಹದ ಭಾಗಗಳಿಗೆ ಸುಮಾರು 50,000 ಹೆಸರು ಬಳಕೆಯಲ್ಲಿದ್ದವು. ಆ ವರ್ಷ ಬಾಸೆಲ್‌ನಲ್ಲಿ ಅದನ್ನು ಐದೂವರೆ ಸಾವಿರದ ಆಸುಪಾಸಿಗೆ ಇಳಿಸಿದರು. ಅದರ ಹಿಂದೆಯೂ ಹಿಸ್ ಇದ್ದರು. ಇಷ್ಟಾದರೂ ಇವತ್ತು ನನ್ನ ಮೇಜಿನ ಮೇಲೆ ಇಲಿ ಮೆದುಳಿನ ಎರಡು ಅಟ್ಲಾಸ್ (ನಕ್ಷೆಪುಸ್ತಕ) ತೆರೆದಿಟ್ಟರೆ ಒಂದೇ ಜಾಗಕ್ಕೆ ಎರಡು ಹೆಸರು, ಒಂದೇ ಹೆಸರಿಗೆ ಎರಡು ಗಡಿ ಸಿಗುತ್ತವೆ. ಹೊಸದಾಗಿ ಸೇರಿದ ಹುಡುಗರು ಯಾವುದು ಸರಿ ಅಂತ ಕೇಳುತ್ತಾರೆ. ಯಾವ ಅಟ್ಲಾಸ್ ಅಂತ ಬರೆದಿಡಿ, ಆಮೇಲೆ ಸ್ಲೈಡ್ ನೋಡಿ ಅನ್ನುತ್ತೇನೆ. ಅಮೆರಿಕದ ಆಲೆನ್ ಸಂಸ್ಥೆಯವರು 1,675 ಚಿಟ್ಟಿಲಿಗಳ ಮೆದುಳಿನ ಸರಾಸರಿ ತೆಗೆದು ಒಂದು 3ಡಿ ಚೌಕಟ್ಟು ಮಾಡಿದ್ದಾರೆ. ಅದರ ಮೇಲೆ ನಮ್ಮ ಸ್ಲೈಡುಗಳನ್ನು ಹೊಂದಿಸಿದಾಗ ಜಗಳ ಎಷ್ಟೋ ಕಮ್ಮಿಯಾಗುತ್ತದೆ.

ಈಗಿನ ವಿದ್ಯಾರ್ಥಿಗಳಿಗೆ ಡಿಸೆಕ್ಷನ್ ಇಲ್ಲ, 2014ರಲ್ಲಿ ಯುಜಿಸಿ ನಿಲ್ಲಿಸಲು ಹೇಳಿತು. ಪ್ರಾಣಿಗಳ ದೃಷ್ಟಿಯಿಂದ ಅದು ಒಳ್ಳೆಯದೇ. ಆದರೆ ಬರೀ ಚಾರ್ಟ್ ನೋಡಿ ಸುಮ್ನೆ ಕೂರಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೆದುಳಿನ ಮ್ಯೂಸಿಯಂ ಇದೆ, ಒಮ್ಮೆ ಹೋಗಿ ಬನ್ನಿ. ಐಐಟಿ ಮದ್ರಾಸಿನವರು 2024ರಲ್ಲಿ ಬಿಡುಗಡೆ ಮಾಡಿದ 'ಧಾರಿಣಿ' ಅಟ್ಲಾಸಿನಲ್ಲಿ ಮನುಷ್ಯ ಭ್ರೂಣದ ಮೆದುಳಿನ 5,132 ಪದರಗಳಿವೆ, ಉಚಿತವಾಗಿ ನೋಡಬಹುದು. ಇನ್ನೊಂದು ಕೆಲಸವೂ ಇದೆ. ಮೆದುಳಿನ ಆಳದ ಎರಡು ಭಾಗಗಳಲ್ಲಿ ಹೈಪೋಥಲಾಮಸ್ ಥಲಾಮಸ್ಸಿನ ಕೆಳಗಿದೆ ಎಂದು ನಿಮ್ಮ ಪುಸ್ತಕದಲ್ಲಿರುತ್ತದೆ. 1993ರಿಂದ ಲೂಯಿಸ್ ಪುವೆಲ್ಲೆಸ್ ಮತ್ತು ಜಾನ್ ರೂಬೆನ್‌ಸ್ಟೈನ್ ಬೇರೆ ಮಾದರಿಯನ್ನು ಮುಂದಿಡುತ್ತಾ ಬಂದಿದ್ದಾರೆ. ಭ್ರೂಣದಲ್ಲಿ ಯಾವ ಜೀನ್ ಎಲ್ಲಿ ಕೆಲಸ ಮಾಡುತ್ತದೆ ಎಂದು ನೋಡಿ, ಕೊಳವೆಯ ಬಾಗು ಬಿಡಿಸಿ ಲೆಕ್ಕ ಹಾಕಿದರೆ ಹೈಪೋಥಲಾಮಸ್ ಇರುವುದು ಕೆಳಗಲ್ಲ, ಮುಂದೆ ಎನ್ನುತ್ತಾರೆ ಅವರು. ಇದರ ಚರ್ಚೆ ಇನ್ನೂ ಮುಗಿದಿಲ್ಲ. ಟ್ಯೂಬಿಗೆ ಗಾಳಿ ತುಂಬಿ, ಬಾಗಿಸಿ, ಆ ಎರಡು ಜಾಗಕ್ಕೂ ಸ್ಕೆಚ್ ಪೆನ್ನಿನಲ್ಲಿ ಚುಕ್ಕಿ ಇಟ್ಟು ಮತ್ತೆ ನೆಟ್ಟಗೆ ಮಾಡಿ ನೋಡಿ. ಸ್ಲೈಡ್ ಬೇಕಿದ್ದರೆ ಡಿಪಾರ್ಟ್‌ಮೆಂಟಿಗೆ ನಾನು ಕಳಿಸಿಕೊಡುತ್ತೇನೆ.